ಅಂಗಡಿಯ ಜಲಪಾತ

ಟಿವಿ ಅಂಗಡಿಯ ಡೆಮೊ ವಿಡಿಯೊ ಎಂದರೆ ನೀರೇ. ಜಲಪಾತ ಧುಮುಕುತ್ತದೆ, ಹವಳದ ನಡುವೆ ಮೀನು ಸುಳಿಯುತ್ತದೆ, ಕೊಯ್ದ ಕಿತ್ತಳೆಯಿಂದ ರಸ ಚಿಮ್ಮುತ್ತದೆ. ಆಗುಂಬೆಯವರು ಇದಕ್ಕೆ ಮರುಳಾಗಲಿಕ್ಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಗೋಡೆ ತುಂಬ ನೀರು ಹರಿಸಿದರೆ ಗಿರಾಕಿಯ ಕೈ ಜೇಬಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು? ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಹರಿದದ್ದನ್ನು ಶಿರಾದವರು, ಪಾವಗಡದವರು ಕಂಡದ್ದು ಟಿವಿಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಎತ್ತಿನಹೊಳೆಗೆ ಬಾಗಿನ ಬಿಟ್ಟದ್ದನ್ನು ಕೊರಟಗೆರೆಯವರು ಕಂಡದ್ದೂ ಟಿವಿಯಲ್ಲೇ. ಹೇಗೂ ನೀರು ಬರುವುದು ಟಿವಿಯಲ್ಲೇ ಅಂದಮೇಲೆ ಹೈ ಡೆಫಿನಿಷನ್ನಿನಲ್ಲೇ ಬರಲಿ ಅನ್ನುವುದು ದುರಾಸೆಯೇನಲ್ಲ.

ಸೇಲ್ಸ್‌ ಹುಡುಗ ಶುರು ಮಾಡುತ್ತಾನೆ: ‘ಫೋರ್‌ ಕೆ ಸಾರ್, 83 ಲಕ್ಷ ಪಿಕ್ಸೆಲ್!’ ಸುಳ್ಳಲ್ಲ. 3840ನ್ನು 2160ರಿಂದ ಗುಣಿಸಿ ನೋಡಿ. ಆದರೆ ಮನೆ ಮಾಳಿಗೆಯ ಮೇಲಿರುವುದು ಫ್ರೀ ಡಿಶ್‌. ಅದರ ಮಾಮೂಲಿ ಚಾನೆಲ್ಲಿನ ಚಿತ್ರ ಹೆಚ್ಚೆಂದರೆ 720ಕ್ಕೆ 576, ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ಒಂದೊಂದು ಚುಕ್ಕಿಯನ್ನೂ ಸರಿಯಾಗಿ ಇಪ್ಪತ್ತಕ್ಕೆ ಹಿಗ್ಗಿಸಬೇಕು. ಒಂದು ಲೋಟ ಮಜ್ಜಿಗೆಯಲ್ಲಿ ಬೀಗರ ದಿಬ್ಬಣಕ್ಕೆಲ್ಲ ಬಡಿಸಿದ ಹಾಗೆ. ಈ ಹಿಗ್ಗಿಸುವ ಕೆಲಸಕ್ಕೆ ‘ಎಐ ಅಪ್‌ಸ್ಕೇಲಿಂಗ್’ ಎಂದು ಹೆಸರಿಟ್ಟು ನಾಲ್ಕು ಸಾವಿರ ಹೆಚ್ಚಿಗೆ ಕೇಳುತ್ತಾರೆ.

ನೂರಿಪ್ಪತ್ತು ಹರ್ಟ್ಸ್‌ ಇದೆಯಂತೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಉಳಿದ 96ನ್ನು ಟಿವಿಯೇ ಊಹಿಸಿ ತುಂಬುತ್ತದೆ, ಅಣ್ಣಾವ್ರ ಹಳೇ ಚಿತ್ರವೂ ಸೀರಿಯಲ್‌ ಶೂಟಿಂಗಿನಂತೆ ಕಾಣುತ್ತದೆ. 107 ಕೋಟಿ ಬಣ್ಣವಂತೆ. ನ್ಯೂಸ್‌ ಚಾನೆಲ್ಲಿಗೆ ಕೆಂಪು, ಹಳದಿ ಎರಡು ಸಾಕು. ಕ್ಯುಎಲ್‌ಇಡಿ ಅಂದರೇನು ಎಂದು ಕೇಳಿದರೆ ಹುಡುಗ, ‘ಎಲ್‌ಇಡಿಗಿಂತ ಮೇಲೆ ಸಾರ್’ ಅನ್ನುತ್ತಾನೆ. ಎರಡೂ ಹಿಂದಿನಿಂದ ದೀಪ ಹಚ್ಚಿದ ಎಲ್‌ಸಿಡಿಗಳೇ ಎಂಬುದನ್ನು ಅವನಿಗೂ ಯಾರೂ ಹೇಳಿಲ್ಲ, ಪಾಪ.

ಕೇಳಬೇಕಾದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ ಟಿವಿಯ ನೇರಕ್ಕೆ ಕೂರುವವರು ಯಜಮಾನರೊಬ್ಬರೇ. ಅಜ್ಜಿ ಗೋಡೆಗೊರಗಿ ಪಕ್ಕದಿಂದ, ಹೆಂಗಸರು ಅಡುಗೆಮನೆ ಬಾಗಿಲಿನಿಂದ ಇಣುಕಿ ನೋಡುತ್ತಾರೆ. ಪಕ್ಕದಿಂದ ನೋಡಿದರೆ ವಿಎ ಪ್ಯಾನೆಲ್‌ ಸಾಮಾನ್ಯವಾಗಿ ಮಾಸಲಾಗುತ್ತದೆ, ಐಪಿಎಸ್‌ ಅಷ್ಟು ಕೆಡುವುದಿಲ್ಲ. ಸಾಸಿವೆ ಸಿಡಿಯುವಾಗ ಒಂದು ಕಣ್ಣಿನಲ್ಲಿ ಸೀರಿಯಲ್‌ ನೋಡುವವರ ಮಾತು ಕೇಳಿ ಟಿವಿ ಕೊಂಡ ಮನೆ ನಾಲ್ಕೂ ತಾಲ್ಲೂಕಿನಲ್ಲಿ ಇದ್ದರೆ ಅದಕ್ಕೊಂದು ಸನ್ಮಾನ ಆಗಲಿ.

ಬದಲಿಗೆ ಇಂಚಿನ ಲೆಕ್ಕ. ಹಿಂದೆ 32 ಇಂಚು ದಾಟಿದರೆ ಜಿಎಸ್‌ಟಿ ಶೇ 28 ಇತ್ತು, 2025ರ ಸೆಪ್ಟೆಂಬರ್‌ 22ರಿಂದ 18. ಎದುರುಮನೆಯವರದು 43 ಆದರೆ ನಮ್ಮದು 55 ಆಗಲು ಇನ್ನೇನು ಅಡ್ಡಿ? ಗೋಡೆ ಅಡ್ಡಿ. ಮಧುಗಿರಿಯ ಏಕಶಿಲಾ ಬೆಟ್ಟ ಯಾವ ರೀಚಾರ್ಜೂ ಇಲ್ಲದೆ ಕಾಣುತ್ತಿದ್ದ ಕಿಟಕಿ ಮುಚ್ಚಿ, ಅದರ ಮೇಲೆ ಟಿವಿ ಮೊಳೆ ಹೊಡೆದದ್ದಾಯಿತು. ಸ್ಕ್ರೀನ್‌ಸೇವರಿನಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟ ಬರುತ್ತದೆ.

ಪಾವಗಡದ ಸಂಗತಿಯೇ ಬೇರೆ. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಪ್ಯಾನೆಲ್‌ ಹಾಸಿ 2,050 ಮೆಗಾವ್ಯಾಟ್‌ ಸಾಮರ್ಥ್ಯದ ಸೋಲಾರ್‌ ಪಾರ್ಕ್‌ ಮಾಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆ ಹಣದಲ್ಲಿ ಕಡಲೆಕಾಯಿ ಬಿತ್ತುವ ರಗಳೆ ಮುಗಿಯಿತು, ಹಗಲೆಲ್ಲ ಟಿವಿ ನೋಡಲು ಪುರುಸೊತ್ತು ಸಿಕ್ಕಿತು. ಬಿಸಿಲನ್ನು ಗ್ರಿಡ್ಡಿಗೆ ಕೊಟ್ಟು ತೆರೆಯಲ್ಲಿ ಮಳೆ ನೋಡುವುದು ನಷ್ಟದ ವ್ಯಾಪಾರವೇ? ತಕರಾರು ಒಂದೇ, ಸೀರಿಯಲ್‌ ತೆಲುಗಿನದೋ ಕನ್ನಡದ್ದೋ ಎಂಬುದು. ಅದನ್ನು ಯಾವ ಸ್ಮಾರ್ಟ್‌ ಟಿವಿಯೂ ಬಗೆಹರಿಸಿಲ್ಲ.

ಇಷ್ಟಾದಮೇಲೂ ಕೊಳ್ಳುತ್ತೀರಾದರೆ ಒಂದು ಪರೀಕ್ಷೆ ಮಾಡಿ. ಡೆಮೊ ನಿಲ್ಲಿಸಿ ಚಂದನ ಹಾಕಲು ಹೇಳಿ. ಹುಡುಗ ಮೊದಲು ಮಾಲೀಕರ ಮುಖ ನೋಡುತ್ತಾನೆ. ಆಮೇಲೆ ರಿಮೋಟಿನಲ್ಲಿ ಸೆಲ್‌ ಇಲ್ಲ ಅನ್ನುತ್ತಾನೆ.