ಬಿಸಿಲಿಲ್ಲದ ಊರಿನ ಬಿಸಿಲ ಹಾಡು

ಬೇಸಿಗೆಯನ್ನು ಹಾಡಿ ಹೊಗಳುವವರು ಬೇಸಿಗೆಯ ಊರಿನವರಾಗಿರಲು ಸಾಧ್ಯವೇ ಇಲ್ಲ. ರಾಯಚೂರಿನಲ್ಲಿ ಒಂದು ಮೇ ತಿಂಗಳು ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾದರಸ 42 ಮುಟ್ಟಿದ ಮಧ್ಯಾಹ್ನ, ಫ್ಯಾನು ಇದ್ದ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಬಡಿಸುತ್ತಿರುವಾಗ, ನಾನು ಮಾತ್ರ ಫೋನಿನಲ್ಲಿ ಸ್ವೀಡನ್ನಿನ ಇಂಡಿ ಪಾಪ್ (ದೊಡ್ಡ ಕಂಪನಿಗಳ ಹಂಗಿಲ್ಲದ ಪಾಪ್ ಸಂಗೀತ) ಹಾಕಿಕೊಂಡು ಕಾಲು ಕುಣಿಸುತ್ತಿರುತ್ತೇನೆ. ಬಿಸಿಲು ಕಂಡು ಹುಚ್ಚೆದ್ದವರ ಸಂಗೀತ ಅದು. ಅವರಿಗೆ ಸೂರ್ಯ ವರ್ಷಕ್ಕೊಮ್ಮೆ ಬರುವ ಅಳಿಯ. ನಮಗೆ ಮನೆ ಅಳಿಯ.

ಸ್ವೀಡನ್ನಿನಲ್ಲಿ ಯೋನ್‌ಶೊಪಿಂಗ್ ಎಂಬ ಊರಿದೆ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆಲ್ಲ ಹೊತ್ತು ಮುಳುಗುತ್ತದೆ. ಒಂದು ಕಾಲಕ್ಕೆ ಬೆಂಕಿಕಡ್ಡಿಗೆ ಹೆಸರಾಗಿದ್ದ ಊರು. ಈಗಲೂ ಅಲ್ಲಿ ಕಡ್ಡಿಪೆಟ್ಟಿಗೆಯದೇ ಒಂದು ಮ್ಯೂಸಿಯಂ ಇದೆ. ಚಳಿ ತಡೆಯಲಾಗದೆಯೇ ಆ ಉದ್ಯೋಗ ಹಿಡಿದರು ಎಂಬುದು ನನ್ನ ಗುಮಾನಿ. 2005ರ ಬೇಸಿಗೆ ರಜೆಯಲ್ಲಿ ಈ ಊರಿನ ಇಮ್ಯಾನುಯೆಲ್ ಲುಂಡ್‌ಗ್ರೆನ್ ಒಂದಷ್ಟು ಹಾಡು ಕಟ್ಟಿ, ರೆಕಾರ್ಡ್ ಮಾಡೋಣ ಬನ್ನಿ ಎಂದು ಗೆಳೆಯರನ್ನು ಮನೆಗೆ ಕರೆದ. ಕರೆದವರೆಲ್ಲ ಬಂದೇಬಿಟ್ಟರು. ತಂಡದಲ್ಲಿ 29 ಜನ! ಹೆಸರು ‘ಐ ಆಮ್ ಫ್ರಮ್ ಬಾರ್ಸಿಲೋನಾ’. ಬಾರ್ಸಿಲೋನಾಕ್ಕೂ ಇವರಿಗೂ ಯಾವ ಸಂಬಂಧವೂ ಇಲ್ಲ. ‘ಫಾಲ್ಟಿ ಟವರ್ಸ್’ ಎಂಬ ಬಿಬಿಸಿಯ ಹಾಸ್ಯ ಧಾರಾವಾಹಿಯಲ್ಲಿ ಬರುವ ಮ್ಯಾನುಯೆಲ್ ಎಂಬ ಪೆದ್ದು ವೇಟರ್ ಆ ಊರಿನವನು, ಅಷ್ಟೇ.

ಕ್ಲಾರಿನೆಟ್, ಬ್ಯಾಂಜೋ, ಅಕಾರ್ಡಿಯನ್, ತುತ್ತೂರಿ, ಎಲ್ಲ ಇವೆ. ಏನೂ ನುಡಿಸಲು ಬಾರದವರಿಗೆ ಕಜೂ ಇದೆ: ಬಾಯಿಗಿಟ್ಟುಕೊಂಡು ಗುನುಗಿದರೆ ಸಾಕು, ಜೀರುಂಡೆಯ ದನಿ ಬರುತ್ತದೆ. ಉಳಿದವರು ಚಪ್ಪಾಳೆಗೆ. 2006ರಲ್ಲಿ ಬಂದ ಇವರ ಮೊದಲ ಆಲ್ಬಮ್ಮಿನ ವಸ್ತುಗಳನ್ನು ನೋಡಿ: ಮರದ ಮೇಲಿನ ಮನೆ, ಅಂಚೆಚೀಟಿ ಸಂಗ್ರಹ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್). ಲೋಕವನ್ನು ಉದ್ಧಾರ ಮಾಡುವ ಉಮೇದು ಎಲ್ಲಿಯೂ ಇಲ್ಲ. ನನಗೆ ಹಿಡಿಸಿದ್ದೇ ಅದು. ಗಂಭೀರ ಸಂಗೀತ ಕೇಳುವಾಗ ಮುಖವನ್ನೂ ಗಂಭೀರವಾಗಿಟ್ಟುಕೊಳ್ಳಬೇಕಾಗುತ್ತದೆ. ಸೆಕೆಯಲ್ಲಿ ಅದು ಆಗದ ಮಾತು.

ಸಿಡುಬಿನ ಹಾಡಿನ ವಿಷಯ ಕೇಳಿ ಅಮ್ಮ ಮಾತ್ರ ಬೆಚ್ಚಿಬಿದ್ದಳು. “ತಾಯಿ ಬಂದಾಗ ಬೇವಿನ ತಪ್ಪಲ ಹಾಸಿ ಮಲಗಸೋದು ಬಿಟ್ಟು ಚಪ್ಪಾಳಿ ಹೊಡಕೋತ ಕುಣೀತಾರೇನು? ಬಂದ್ ಮಾಡು ಮೊದ್ಲು.”

ಬಂದ್ ಮಾಡಿ ಪೀಟರ್ ಬ್ಯೋರ್ನ್ ಅಂಡ್ ಜಾನ್ ತಂಡದ ‘ಯಂಗ್ ಫೋಕ್ಸ್’ ಹಾಕಿದೆ. ಇದೂ ಸ್ವೀಡನ್ನಿನದೇ, ಇದೂ 2006ರದೇ. ಶುರುವಾಗುವುದೇ ಸಿಳ್ಳೆಯಿಂದ. ಮುಂದೆ ಆ ಜಾಗಕ್ಕೆ ಬೇರೆ ವಾದ್ಯ ಸೇರಿಸೋಣವೆಂದು ಸದ್ಯಕ್ಕೆ ಸಿಳ್ಳೆ ಹಾಕಿಟ್ಟಿದ್ದರಂತೆ; ಕೊನೆಗೆ ಅದೇ ಚೆನ್ನಾಗಿದೆ ಅನ್ನಿಸಿ ಉಳಿಸಿಕೊಂಡರು. ಹಾಡಿನ ಮಾತು ಮರೆತವರಿಗೂ ಸಿಳ್ಳೆ ನೆನಪಿದೆ. ಆದರೆ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಸಿಳ್ಳೆ ನಿಷಿದ್ಧ. ಹಾಗಾಗಿ ಅದಕ್ಕೂ ಹಗಲುಹೊತ್ತೇ ಗತಿ.

ಆ 2006ರ ಕೊನೆಯಲ್ಲಿಯೇ ನಮ್ಮಲ್ಲಿ ‘ಮುಂಗಾರು ಮಳೆ’ ಬಂದದ್ದು. ಕರ್ನಾಟಕಕ್ಕೆ ಕರ್ನಾಟಕವೇ ತೊಯ್ದು ತೊಪ್ಪೆಯಾಯಿತು. ನಮ್ಮ ಸಿನಿಮಾದಲ್ಲಿ ಪ್ರೀತಿ ಹುಟ್ಟಬೇಕಾದರೆ ಮೋಡ ಕವಿಯಬೇಕು. ಸುಡುಬಿಸಿಲಲ್ಲಿ ನಾಯಕಿಯ ಕೈ ಹಿಡಿದರೆ ಮೊದಲು ಬೆವರು ಒರೆಸಿಕೊಳ್ಳಬೇಕಾಗುತ್ತದೆ. ಅತ್ತ ವರ್ಷವಿಡೀ ಮಳೆ ಜಿನುಗುವ ಗ್ಲಾಸ್ಗೋ ನಗರ ‘ಆರೆಂಜ್ ಜ್ಯೂಸ್’ ಎಂಬ ತಂಡವನ್ನು ಹುಟ್ಟಿಸಿತು. ಹೆಸರಿನಲ್ಲೇ ಬಾಯಾರಿಕೆ! ಅವರ ಗಿಟಾರಿನ ಗಿಲಿಗಿಲಿ ಕೇಳಿದರೆ ಅಲ್ಲಿ ಛತ್ರಿ ಮಾರುವವರೂ ಇದ್ದಾರೆಂದು ನಂಬಲಾಗದು.

ನನಗೊಂದು ಆಸೆಯಿದೆ: ಆ 29 ಜನರನ್ನೂ ರಾಯಚೂರಿಗೆ ಕರೆಸಿ, ಮಹಡಿಯ ಮೇಲೆ ನಿಲ್ಲಿಸಿ ಬಿಸಿಲಿನ ಹಾಡು ಹಾಡಿಸಬೇಕು. ಅಮ್ಮನಿಗೆ ಹೇಳಿದೆ. ಅವಳು ಗಳಿಗೆ ಹೊತ್ತು ಲೆಕ್ಕ ಹಾಕಿದಳು.

“ಬರ್ಲಿ, ಯಾರ್ ಬ್ಯಾಡ ಅಂದಾರ? ಬ್ಯಾಸಗಿಯಾಗ ಮಾತ್ರ ಬ್ಯಾಡಪ್ಪ. ಒಲಿ ಮುಂದ ಕುಂತು ಅಷ್ಟ್ ಮಂದಿಗೆ ರೊಟ್ಟಿ ಬಡಿಯೋದು ನನ್ನ ಕೈಲಿ ಆಗಂಗಿಲ್ಲ.”