ಸೈಫನ್ ಭಾವ

ನಮ್ಮ ಭಾವನ ಮನೆಗೆ ಹೋಗುವವರಿಗೆ ನಾನು ಹೇಳುವುದಿಷ್ಟೇ: ಕಾಫಿ ಕುಡಿದುಕೊಂಡೇ ಹೊರಡಿ. ಅಲ್ಲಿ ಕಾಫಿ ಸಿಗುವುದಿಲ್ಲ ಅಂತಲ್ಲ. ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅದಕ್ಕೆ ಮೊದಲು ಅವರ ಸೈಫನ್ನಿನ ಚರಿತ್ರೆ ಹಿಡಿದು 1830ರ ದಶಕದ ಬರ್ಲಿನ್ನಿಗೆ ಹೋಗಿ, ಲಿಯಾನ್ ಮಾರ್ಗವಾಗಿ ಟೋಕಿಯೋಗೆ ಬಂದು, ಆಮೇಲೆ ಜೆ.ಪಿ. ನಗರದ ಅವರ ಊಟದ ಮೇಜು ತಲುಪಬೇಕು.

ಇಂಥವರೊಬ್ಬರು ನಿಮಗೂ ಗೊತ್ತಿರುತ್ತಾರೆ. ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದೊಡ್ಡ ಹುದ್ದೆಯಲ್ಲಿದ್ದು ರಿಟೈರಾದವರು. ಸರ್ವಿಸಿನಲ್ಲಿದ್ದಷ್ಟು ಕಾಲ ಕೈಗೆ ಬಂದ ಲೋಟವನ್ನು ಫೈಲು ನೋಡುತ್ತಲೇ ಖಾಲಿ ಮಾಡಿದವರು. ರಿಟೈರಾದ ಮೇಲೆ ಮೊದಲು ಚಿಕೋರಿ ಮನೆ ಬಿಡುತ್ತದೆ, ಹಿಂದೆಯೇ ಸಕ್ಕರೆ, ಆಮೇಲೆ ಹಾಲು. ಪುಡಿ ಅಂಗಡಿಯವನ ಹತ್ತಿರ ಬೀಜ ಯಾವ ತೋಟದ್ದು, ಹುರಿದ ತಾರೀಖು ಯಾವುದು ಎಂದು ಕೇಳಿ ಅವನ ನೆಮ್ಮದಿ ಕೆಡಿಸುತ್ತಾರೆ. ಫ್ರೆಂಚ್ ಪ್ರೆಸ್ಸು, ಮೋಕಾ ಪಾಟು ಎಲ್ಲ ಆಗಿ ಅಟ್ಟ ಸೇರಿದ ಮೇಲೆ, ಒಂದು ದಿನ ಮಗ ಪರದೇಶದಿಂದ ಥರ್ಮೋಕೋಲಿನಲ್ಲಿ ಸುತ್ತಿದ ಸೈಫನ್ ತರುತ್ತಾನೆ.

ಕೆಳಗೊಂದು ಗಾಜಿನ ಬುರುಡೆ, ಮೇಲೊಂದು ಗಾಜಿನ ಪಾತ್ರೆ, ನಡುವೆ ಕೊಳವೆ, ಅಡಿಯಲ್ಲಿ ದೀಪ. ನೋಡಿದರೆ ರಕ್ತಪರೀಕ್ಷೆಗೆ ಬಂದಿದ್ದೇವೇನೋ ಅನ್ನಿಸುತ್ತದೆ. ಭಾವ ಬಿ.ಕಾಂ. ಓದಿದವರು. ಕಾಲೇಜಿನಲ್ಲಿ ಲ್ಯಾಬಿನ ಮುಂದೆ ಹಾದುಹೋದದ್ದೇ ಬಂತು, ಒಳಗೆ ಕಾಲಿಟ್ಟವರಲ್ಲ. ಆ ಬಾಕಿ ಈಗ ಬಡ್ಡಿ ಸಮೇತ ವಸೂಲಾಗುತ್ತಿದೆ. ‘ಇದನ್ನ ಮಾಡೋ ಜಪಾನಿನ ಹಾರಿಯೋ ಕಂಪನಿ 1921ರಲ್ಲಿ ಶುರುವಾದಾಗ ಮಾಡ್ತಿದ್ದದ್ದು ಲ್ಯಾಬಿನ ಗಾಜಿನ ಸಾಮಾನು ಕಣೋ. ಕಾಫಿ ಆಮೇಲೆ’ ಎನ್ನುವಾಗ ಅವರ ಮುಖದಲ್ಲಿ ಆ ಕಂಪನಿಯ ಪಾಲುದಾರರ ಕಳೆ.

ಶುರುವಿನಲ್ಲಿ ಸ್ಪಿರಿಟ್ ದೀಪವಿತ್ತು. ಬಡಾವಣೆಯ ಹಿರಿಯರೊಬ್ಬರು ವಾರಕ್ಕೊಮ್ಮೆ ಬಂದು ಬಾಟಲಿಗಟ್ಟಲೆ ಸ್ಪಿರಿಟ್ ಕೇಳತೊಡಗಿದಾಗ ಔಷಧಿ ಅಂಗಡಿಯವನು ಅಕ್ಕನನ್ನು ಪಕ್ಕಕ್ಕೆ ಕರೆದು, ‘ಮನೇಲಿ ಎಲ್ಲ ಕ್ಷೇಮ ತಾನೇ ಮೇಡಂ?’ ಎಂದು ವಿಚಾರಿಸಿದ. ಅಂದಿನಿಂದ ಗ್ಯಾಸ್ ಬರ್ನರ್.

ಇನ್ನು ಪ್ರಯೋಗ. ಮುನ್ನೂರು ಮಿಲಿಲೀಟರ್ ನೀರು, ಇಪ್ಪತ್ತು ಗ್ರಾಂ ಪುಡಿ, ಎರಡೂ ತಕ್ಕಡಿಯ ಲೆಕ್ಕ. ಮೇಲಿನ ಪಾತ್ರೆಯ ತಳಕ್ಕೆ ಬಟ್ಟೆಯ ಫಿಲ್ಟರ್ ಇಟ್ಟು, ಅದರ ಮಣಿಸರವನ್ನು ಕೊಳವೆಯೊಳಗೆ ಇಳಿಬಿಟ್ಟು, ಕೆಳಗಿನ ಅಂಚಿಗೆ ಕೊಕ್ಕೆ ಸಿಕ್ಕಿಸುತ್ತಾರೆ. ಸರದ ತುದಿಯಿಂದ ಸಣ್ಣ ಗುಳ್ಳೆ ಏಳತೊಡಗಿದರೆ ಹದ ಬಂತೆಂದು ಅರ್ಥ. ಆಗ ಮೇಲಿನದನ್ನು ಬುರುಡೆಯ ಬಾಯಿಗೆ ಒತ್ತಿ ಕೂರಿಸಬೇಕು. ಹಬೆಯ ಒತ್ತಡಕ್ಕೆ ನೀರು ಸರಸರನೆ ಕೊಳವೆ ಹತ್ತುತ್ತದೆ. ಅದೆಷ್ಟು ಸಲ ಕಂಡರೂ ನೋಡುವಂಥದ್ದೇ, ಸುಳ್ಳು ಹೇಳಬಾರದು. ಭಾವ ಪುಡಿ ಸುರಿದು, ಬಿದಿರಿನ ಪಟ್ಟಿಯಲ್ಲಿ ಒಂದೆರಡು ಸುತ್ತು ತಿರುವಿ, ಫೋನಿನ ಗಡಿಯಾರ ಒತ್ತುತ್ತಾರೆ. ಆ ಒಂದು ನಿಮಿಷ ಯಾರೂ ಮಾತಾಡುವಂತಿಲ್ಲ. ಅವರೊಬ್ಬರು ಮಾತಾಡಬಹುದು.

‘ಈಗ ನೋಡು, ಉರಿ ತೆಗೀತೀನಿ. ಕೆಳಗೆ ನಿರ್ವಾತ ಆಗುತ್ತೆ, ಕಾಫೀನ ಎಳ್ಕೊಳ್ಳುತ್ತೆ.’

ಅಕ್ಕ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು. ಹುರುಳಿಕಾಯಿ ಸೋಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: ‘ನಿರ್ವಾತ ಯಾವತ್ತೂ ಏನನ್ನೂ ಎಳೆಯಲ್ಲ ರೀ. ಒಳಗಿನ ಹಬೆ ತಣ್ಣಗಾಗಿ ನೀರಾಯ್ತು, ಒತ್ತಡ ಇಳೀತು. ಹೊರಗಿನ ಗಾಳಿ ಮೇಲಿಂದ ತಳ್ಳುತ್ತೆ, ಅಷ್ಟೆ.’

‘ಅದೇ, ಅದನ್ನೇ ಹೇಳ್ತಾ ಇದ್ದೆ’ ಎಂದರು ಭಾವ. ಗಾಳಿಯೂ ಅಕ್ಕನ ಕಡೆಗೇ ಇತ್ತು. ಕಾಫಿ ಗೊಳಗೊಳ ಸದ್ದು ಮಾಡುತ್ತ ಬುರುಡೆಗೆ ಇಳಿಯಿತು.

ಇಳಿದ ತಕ್ಷಣ ಕುಡಿಯಲು ಕೊಡುತ್ತಾರೆಂದು ಕೈ ಚಾಚಬೇಡಿ. ಮೊದಲು ಮೇಲಿನ ಪಾತ್ರೆಯ ಚರಟ ನೋಡಬೇಕು. ಅದು ಗುಮ್ಮಟದ ಹಾಗೆ ಉಬ್ಬಿ ನಿಂತಿದ್ದರೆ ಭಾವ ಫೋಟೋ ತೆಗೆದು ಮಗನಿಗೆ ಕಳಿಸುತ್ತಾರೆ. ಚಪ್ಪಟೆಯಾಗಿದ್ದರೆ ತಪ್ಪು ಊರಿನದು. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿದುಬಿಡುತ್ತದೆ. ಊರು ಕಟ್ಟುವಾಗ ಕೆಂಪೇಗೌಡರು ಇದನ್ನೆಲ್ಲ ಯೋಚಿಸಲಿಲ್ಲ.

ಅಂತೂ ಪುಟ್ಟ ಬಟ್ಟಲಲ್ಲಿ ಕಾಫಿ ಬರುತ್ತದೆ. ಚಿಕ್ಕಮಗಳೂರಿನ ಎಸ್.795 ತಳಿ, ಹದವಾಗಿ ಹುರಿದದ್ದು. ಚಹಾದ ಹಾಗೆ ತಿಳಿಯಾಗಿ, ಘಮಘಮ ಅನ್ನುತ್ತಿರುತ್ತದೆ. ಅಲ್ಲಿಗೆ ಬಿಟ್ಟರೆ ಯಾರೂ ತಕರಾರು ತೆಗೆಯರು. ‘ಹಿಂದಿಂದ ಸಣ್ಣಗೆ ಕಿತ್ತಳೆ ಸಿಪ್ಪೆ ಬರುತ್ತಲ್ವಾ?’ ಎಂದು ಭಾವ ಕೇಳಿದ್ದೇ ತಡ, ಎದುರುಮನೆ ರಾಯರು ಬಟ್ಟಲನ್ನು ಬೆಳಕಿಗೆ ಹಿಡಿದು, ‘ಬಟ್ಟೇಲಿ ಸೋಸಿದ್ದೀರಲ್ಲ ಸ್ವಾಮಿ, ಹ್ಯಾಗೆ ಬಂತು?’ ಎಂದರು.

ಆ ಬಟ್ಟೆಯದೂ ಒಂದು ಕಥೆ. ಒಣಗಿದರೆ ಜಿಡ್ಡಿನ ವಾಸನೆ ಕಟ್ಟುತ್ತದೆಂದು ಅದನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡುತ್ತಾರೆ, ಮೊಸರಿನ ಪಕ್ಕದಲ್ಲೇ. ಭಾವನ ತಾಯಿ ಅದನ್ನು ಎರಡು ಸಲ ಕಸದ ಬುಟ್ಟಿಗೆ ಹಾಕಿದ್ದಾರೆ. ಮೊದಲನೆಯದು ತಿಳಿಯದೆ.

ಇಷ್ಟೆಲ್ಲ ನಡೆದರೂ ಅಕ್ಕ ಸೈಫನ್ನಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಬಂದವರ ಮುಂದೆಲ್ಲ, ‘ಇವರು ಮಾಡೋ ಕಾಫಿ ಕುಡಿದೇ ಹೋಗಬೇಕು’ ಎಂದು ಅವಳೇ ಒತ್ತಾಯ ಮಾಡುತ್ತಾಳೆ. ಕಾರಣ ತಿಳಿಯಲು ಅಡುಗೆಮನೆಗೆ ಇಣುಕಬೇಕಾಯಿತು. ಕೆಲಸದಾಕೆ ಮೊದಲ ದಿನವೇ ‘ಆ ಬುರುಡೆ ನಾ ಮುಟ್ಟಲ್ಲಮ್ಮ, ಒಡೆದೋದ್ರೆ ನನ್ನ ತಲೆಗೆ ಬರುತ್ತೆ’ ಎಂದುಬಿಟ್ಟಿದ್ದಾಳೆ. ಅಕ್ಕನನ್ನು ಭಾವನೇ ಮುಟ್ಟಗೊಡುವುದಿಲ್ಲ. ಹೀಗಾಗಿ, ಮದುವೆಯಾದಂದಿನಿಂದ ಒಂದು ಚಮಚ ತೊಳೆದು ಗೊತ್ತಿಲ್ಲದ ಮನುಷ್ಯ ದಿನಕ್ಕೆ ಎರಡು ಹೊತ್ತು ಪಂಚೆ ಎತ್ತಿ ಕಟ್ಟಿ ಸಿಂಕಿನ ಮುಂದೆ ನಿಂತಿರುತ್ತಾರೆ. ಹೇಗೂ ನಿಂತಿದ್ದಾರಲ್ಲ ಎಂದು ಅಕ್ಕ ಪಕ್ಕದಲ್ಲಿ ಒಂದೆರಡು ಲೋಟ, ಒಂದು ತಟ್ಟೆ ಸರಿಸಿಡುತ್ತಾಳೆ. ಅವೂ ತೊಳೆದು ಬರುತ್ತವೆ.

ಮೊನ್ನೆ ಫೋನು ಮಾಡಿ, ದನಿ ತಗ್ಗಿಸಿ ಕೇಳಿದಳು: ‘ಲೋ, ಜಪಾನಿನವರು ಗಾಜಿನಲ್ಲಿ ಕುಕ್ಕರೂ ಮಾಡ್ತಾರೇನೋ, ಸ್ವಲ್ಪ ವಿಚಾರಿಸು.’