ಪಾಳಿ ಯಾರದರಿ?

ಕೌಜಲಗಿ ಕಡೆ ಕಾಲುವೆಗೆ ನೀರು ಬಂತೆಂದರೆ ಮೊದಲು ಹರಿಯುವುದು ನೀರಲ್ಲ, ಬಾಯಿ.

"ಇವತ್ತ ಪಾಳಿ ಯಾರದರಿ ಕಾಕಾ?"

"ನಿಂದಂತೂ ಅಲ್ಲ ತಗೋ!"

ಮೇಲಿನ ಹೊಲ, ನಡುವಿನ ಹೊಲ, ಕೊನೆಯ ಹೊಲ. ಮುಗಿದರೆ ಮತ್ತೆ ಮೇಲಿನದು. ಘಟಪ್ರಭೆಯ ನೀರುಣ್ಣುವ ಸೀಮೆಗೆ ಇದನ್ನು ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸಬೇಕಿಲ್ಲ.

ವೆಬ್ ಪುಟ ಕಟ್ಟುವ ಹುಡುಗರಿಗೆ ಇದೇ ಪಾಳಿ ಹಚ್ಚುವ ಕೆಲಸಕ್ಕೆ ಒಂದು ಟ್ಯಾಗ್, ಅಂದರೆ ಪುಟದ ಅಚ್ಚಿನೊಳಗೆ ಬರೆಯುವ ಚಿಕ್ಕ ಸೂಚನೆ, ಬೇಕಾಯಿತು. 2005ರಲ್ಲಿ ಹೊರಬಂದ, ವೆಬ್ ಪುಟ ಕಟ್ಟುವ ಸಾಫ್ಟ್‌ವೇರ್ ಜಾಂಗೊದಲ್ಲಿ ಅದರ ಹೆಸರು 'ಸೈಕಲ್'. ಬಿಳಿ, ಬೂದು ಎಂದು ಎರಡು ಬಣ್ಣ ಹೇಳಿಬಿಟ್ಟರೆ ಸಾಕು. ಪಟ್ಟಿಯಲ್ಲಿ ಹತ್ತು ಸಾಲಿರಲಿ, ಹತ್ತು ಸಾವಿರವಿರಲಿ, ಸಾಲಿಗೊಂದರಂತೆ ಬಳಿಯುತ್ತ ಹೋಗುತ್ತದೆ.

ತಕರಾರು ಹುಟ್ಟುವುದು ಪಟ್ಟಿಯೊಳಗೆ ಪಟ್ಟಿ ಇಟ್ಟಾಗ. ಒಂದು ಊರಿನ ಹೆಸರುಗಳು ಬಿಳಿಯಲ್ಲಿ ಮುಗಿದವು ಅನ್ನಿ. ಮುಂದಿನ ಊರು ಮತ್ತೆ ಬಿಳಿಯಿಂದಲೋ, ಬೂದು ಬಣ್ಣದಿಂದಲೋ? ಟ್ಯಾಗ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಕಾಲುವೆ ನಡುವೆ ಬಂದ್ ಆಗಿ ಮತ್ತೆ ನೀರು ಬಿಟ್ಟಾಗಲೂ ಇದೇ ಜಗಳ. "ನಿಂತಲ್ಲಿಂದ ಹಚ್ರಿ" ಅನ್ನುವವನು ಕೊನೆಯ ಹೊಲದವನು. "ಮೊದ್ಲಿಂದ ಹಚ್ಚೂಣು" ಅನ್ನುವವನ ಹೊಲ ಎಲ್ಲಿದೆ ಎಂದು ಕೇಳಬೇಕಿಲ್ಲ. ಜಾಂಗೊದವರು 2017ರಲ್ಲಿ, 1.11ನೇ ಆವೃತ್ತಿಗೆ, ಮೊದಲಿಂದ ಶುರು ಮಾಡಿಸುವ 'ರೀಸೆಟ್‌ಸೈಕಲ್' ಎಂಬ ಇನ್ನೊಂದು ಟ್ಯಾಗ್ ಸೇರಿಸಿ ಇಬ್ಬರನ್ನೂ ಸಮಾಧಾನಪಡಿಸಿದರು.

ಈಗ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ಸೇ ಸರಿ-ಬೆಸ ಎಣಿಸಿ ಬಣ್ಣ ಹಚ್ಚುತ್ತದೆ, ಟ್ಯಾಗಿನ ಗೊಡವೆಯೇ ಬೇಡ. ಕಾಲುವೆಗೆ ಮಾತ್ರ ಅಂಥದ್ದೇನೂ ಬಂದಿಲ್ಲ. ರಾತ್ರಿ ಎರಡಕ್ಕೆ ಪಾಳಿ ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಲೇಬೇಕು; ಹೋಗದಿದ್ದರೆ ರೀಸೆಟ್ ಮಾಡಲು ಪಕ್ಕದವನ ಸಲಿಕೆ ಇದ್ದೇ ಇದೆ.